ದಾನವಲ್ಲ, ಋಣ

ಮಂದಿರದ ವಾರ್ಷಿಕ ಉತ್ಸವವು ಸಮೀಪಿಸಿದಾಗ ಶ್ರಾವಕರು ತಮ್ಮ ತಮ್ಮ ಶಕ್ತ್ಯನುಸಾರ ಜೀವದಯಾ ಖಾತೆಗೆ ಕಾಣಿಕೆಯನ್ನು ಬರೆಸುವುದು ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯವಾಗಿದೆ. ಆ ಹಣದಿಂದ ಗೋಶಾಲೆಗೆ ಮೇವು ಹೋಗುತ್ತದೆ, ಪಾರಿವಾಳಗಳಿಗೆ ಜೋಳ ಹೋಗುತ್ತದೆ, ಬೇಸಿಗೆಯಲ್ಲಿ ದಾರಿಬದಿಯ ತೊಟ್ಟಿಗಳಿಗೆ ನೀರು ತುಂಬುತ್ತದೆ. ಕೊಟ್ಟವರಿಗೆ ಪುಣ್ಯಸಂಚಯವಾಯಿತೆಂಬ ಸಮಾಧಾನ; ಪಡೆದ ಮೂಕಜೀವಿಗಳಿಗೆ ಒಂದು ಹೊತ್ತಿನ ತೃಪ್ತಿ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಆದರೆ ಲೋಕದಲ್ಲಿ ಇನ್ನೊಂದು ಬಗೆಯ ಪ್ರಾಣಿಪ್ರೇಮಿಗಳೂ ಇದ್ದಾರೆ. ಅವರು ಹಸುವನ್ನಲ್ಲ, ಪಾರಿವಾಳವನ್ನಲ್ಲ, ನಾಯಿಯನ್ನು ಪ್ರೀತಿಸುತ್ತಾರೆ. ಅದರಲ್ಲಿಯೂ ಒಂದೇ ಜಾತಿಯ ನಾಯಿಯನ್ನು, ಉದ್ದ ಬೆನ್ನಿನ ಗಿಡ್ಡ ಕಾಲಿನ ಡ್ಯಾಷ್‌ಹುಂಡನ್ನು, ಬಾಲ್ಯದಿಂದ ಮುಪ್ಪಿನವರೆಗೆ ಪ್ರೀತಿಸುತ್ತಾರೆ. ಯಾರೋ ಕೊಂಡು, ಬೇಸರಗೊಂಡು, ಬೀದಿಗೆ ಬಿಟ್ಟ ಡ್ಯಾಷ್‌ಹುಂಡ್ ಎಲ್ಲಿಯೇ ಇದ್ದರೂ ಎತ್ತಿ ತಂದು ಸಾಕುತ್ತಾರೆ. ಇಂತಹ ಪ್ರೀತಿಯು ಧರ್ಮವೋ, ಅಥವಾ ಧರ್ಮದ ಹೊದಿಕೆ ಹೊದ್ದ ಮೋಹವೋ? ಬೇಟೆಗೆಂದು ಹುಟ್ಟಿಸಿದ, ಮಾಂಸವನ್ನು ತಿನ್ನಬಲ್ಲ ಪ್ರಾಣಿಗೆ ಶ್ರಾವಕನ ಮನೆಯಲ್ಲಿ ಸ್ಥಾನವುಂಟೋ? ಈ ಪ್ರಶ್ನೆಯು ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ಕಂಡರೂ, ವಿಚಾರಿಸುತ್ತ ಹೋದಂತೆ ಜೀವದಯೆಯ ಬೇರಿಗೇ ಕರೆದೊಯ್ಯುತ್ತದೆ.

ಈ ಪ್ರಶ್ನೆಯನ್ನು ಸಿರ್ಗಾಪುರದಂತಹ ಊರಿನಲ್ಲಿ ನಿಂತು ಕೇಳುವುದು ಅನುಚಿತವಲ್ಲ. 1956ರವರೆಗೆ ಹೈದರಾಬಾದು ಸಂಸ್ಥಾನ ಮತ್ತು ರಾಜ್ಯಗಳಿಗೆ ಸೇರಿದ್ದು, ಬಳಿಕ ಆಂಧ್ರಪ್ರದೇಶದಲ್ಲಿದ್ದು, 2014ರಿಂದ ತೆಲಂಗಾಣದಲ್ಲಿರುವ ಈ ಗಡಿ ಪ್ರದೇಶದಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನಾರಾಯಣಖೇಡ, ಜಹೀರಾಬಾದು, ತಾಂಡೂರುಗಳ ಪೇಟೆಯಲ್ಲಿ ಗುಜರಾತಿ, ಮಾರವಾಡಿ ಮಾತೂ ಇದೆ. ಮನುಷ್ಯರಿಗೆ ಭಾಷೆಯ ಗಡಿ ಉಂಟು, ನಾಯಿಗೆ ಇಲ್ಲ. ಬಾ ಎಂದರೂ, ರಾ ಎಂದರೂ, ಯೇ ಎಂದರೂ ಅದು ಬಾಲವಾಡಿಸಿಕೊಂಡು ಬರುತ್ತದೆ. ಧ್ವನಿಯೊಳಗಿನ ಪ್ರೀತಿಯನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಮನುಷ್ಯನಾದರೋ ನಾಯಿಗೂ ಭಾಷೆ ಮತ್ತು ದೇಶವನ್ನು ಅಂಟಿಸಿದ್ದುಂಟು. ಡ್ಯಾಷ್‌ಹುಂಡ್ ಎಂಬುದು ಜರ್ಮನ್ ಹೆಸರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಇಂಗ್ಲೆಂಡ್, ಅಮೆರಿಕಗಳಲ್ಲಿ ಜರ್ಮನಿಯ ಮೇಲಿನ ಕೋಪವು ಈ ನಿರಪರಾಧಿ ಪ್ರಾಣಿಯ ಮೇಲೂ ತಿರುಗಿತು. ಸಾಕಿದವರು ಅದನ್ನು ಬೀದಿಗೆ ಕರೆದೊಯ್ಯಲು ಹಿಂಜರಿಯುವಂತಾಯಿತು. ಅಮೆರಿಕದಲ್ಲಿ ಅದರ ಹೆಸರನ್ನೇ ಕೆಲಕಾಲ ಬದಲಾಯಿಸಲಾಯಿತು. ಅದೇ ನಾಯಿಯು 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳಲ್ಲಿ ವಾಲ್ಡಿ ಎಂಬ ಹೆಸರಿನಿಂದ ಅಧಿಕೃತ ಲಾಂಛನವಾಗಿ ಮೆರೆಯಿತು. ದ್ವೇಷಿಸಿದಾಗಲೂ, ಮೆರೆಸಿದಾಗಲೂ ನಾಯಿ ಮಾಡಿದ್ದು ಏನೂ ಇರಲಿಲ್ಲ.

ಆ ಹೆಸರಿನ ಅರ್ಥವನ್ನು ಅರಿಯಬೇಕು. ಜರ್ಮನ್ ಭಾಷೆಯಲ್ಲಿ ಡಾಕ್ಸ್ ಎಂದರೆ ನೆಲದಲ್ಲಿ ಬಿಲ ತೋಡಿ ವಾಸಿಸುವ ಬ್ಯಾಜರ್ ಎಂಬ ಪ್ರಾಣಿ. ಹುಂಡ್ ಎಂದರೆ ನಾಯಿ. ಆ ಪ್ರಾಣಿಯ ಬಿಲದೊಳಗೆ ನುಗ್ಗಿ ಅದನ್ನು ಹಿಡಿಯಬೇಕೆಂಬ ಒಂದೇ ಉದ್ದೇಶದಿಂದ ಬೇಟೆಗಾರರು ಗಿಡ್ಡ ಕಾಲಿನ ನಾಯಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ಕಾಲುಗಳು ಗಿಡ್ಡವಾದವು, ಬೆನ್ನು ಉದ್ದವಾಯಿತು, ಎದೆ ಅಗಲವಾಯಿತು. ಈ ಗಿಡ್ಡ ಕಾಲಿಗೆ ವಂಶವಾಹಿಯಲ್ಲಿ ಸೇರಿಕೊಂಡಿರುವ ಒಂದು ಹೆಚ್ಚುವರಿ ಪ್ರತಿಯೇ ಕಾರಣವೆಂದು ವಿಜ್ಞಾನಿಗಳು 2009ರಲ್ಲಿ ಪತ್ತೆಹಚ್ಚಿದರು. ಅಂತಹುದೇ ಇನ್ನೊಂದು ಪ್ರತಿಯು ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯನ್ನು ಅಕಾಲದಲ್ಲಿ ಗಟ್ಟಿಮಾಡಿ ಒಡೆಯುವಂತೆ ಮಾಡುತ್ತದೆಂಬುದು 2017ರಲ್ಲಿ ತಿಳಿದುಬಂದಿತು. ಡ್ಯಾಷ್‌ಹುಂಡುಗಳಲ್ಲಿ ಸುಮಾರು ಐದಕ್ಕೊಂದು ತನ್ನ ಜೀವಿತದಲ್ಲಿ ಈ ಬೆನ್ನಿನ ಬೇನೆಗೆ ತುತ್ತಾಗುತ್ತದೆ. ಬೆಳಿಗ್ಗೆ ಓಡಾಡಿದ ನಾಯಿ ಸಂಜೆಗೆ ಹಿಂಗಾಲುಗಳನ್ನು ಎಳೆದುಕೊಂಡು ಬರುವುದುಂಟು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ಇವುಗಳಲ್ಲಿ ಛೇದವೆಂದೊಡನೆ ಕತ್ತಿ ನೆನಪಾಗುತ್ತದೆ. ಆದರೆ ತಲೆಮಾರಿನಿಂದ ತಲೆಮಾರಿಗೆ ಒಂದು ಪ್ರಾಣಿಯ ಕಾಲನ್ನು ಮೊಟಕುಮಾಡುತ್ತ ಬಂದವರು ಕತ್ತಿಯನ್ನು ಹಿಡಿಯಲೇ ಇಲ್ಲ. ಬೇಕಾದ ಗಂಡನ್ನು ಬೇಕಾದ ಹೆಣ್ಣಿನೊಡನೆ ಕೂಡಿಸಿದರು, ಅಷ್ಟೆ. ರಕ್ತ ಬೀಳಲಿಲ್ಲವೆಂಬ ಕಾರಣಕ್ಕೆ ಅದು ಛೇದವಲ್ಲವೆಂದು ಹೇಳಲಾಗದು. ಇಂದು ಬ್ಯಾಜರ್ ಬೇಟೆಯ ಅಗತ್ಯ ಯಾರಿಗೂ ಇಲ್ಲ. ಆದರೂ ಆ ಆಕಾರವು ಕಣ್ಣಿಗೆ ಚೆಂದವೆಂಬ ಕಾರಣದಿಂದ ಮರಿಗಳು ಹುಟ್ಟುತ್ತಲೇ ಇವೆ, ಮಾರಾಟವಾಗುತ್ತಲೇ ಇವೆ. ಸ್ವತಃ ಜರ್ಮನಿಯಲ್ಲಿಯೇ 2024ರಲ್ಲಿ, ನೋವು ತರುವ ಅಂಗರಚನೆಯ ತಳಿಗಳನ್ನು ನಿಯಂತ್ರಿಸುವ ಕಾನೂನಿನ ಕರಡು ಹೊರಬಿದ್ದಾಗ, ಡ್ಯಾಷ್‌ಹುಂಡಿನ ಗತಿ ಏನೆಂಬ ದೊಡ್ಡ ಚರ್ಚೆಯೇ ನಡೆಯಿತು.

ಆಕಾರವನ್ನು ಪ್ರೀತಿಸುವುದಕ್ಕೂ ಜೀವವನ್ನು ಪ್ರೀತಿಸುವುದಕ್ಕೂ ಇರುವ ಅಂತರವನ್ನು ತಿಳಿಯಲು ಒಂದು ನಿಜಸಂಗತಿ ಸಹಾಯಕವಾಗಿದೆ. ಅಮೆರಿಕದ ಛಾಯಾಚಿತ್ರಗಾರ ಡೇವಿಡ್ ಡಗ್ಲಾಸ್ ಡಂಕನ್ ಎಂಬವರಲ್ಲಿ ಲುಂಪ್ ಎಂಬ ಡ್ಯಾಷ್‌ಹುಂಡ್ ಇತ್ತು. 1957ರ ಏಪ್ರಿಲ್ ತಿಂಗಳಲ್ಲಿ ಅವರು ಅದನ್ನು ಕರೆದುಕೊಂಡು ಫ್ರಾನ್ಸ್ ದೇಶದ ಕಾನ್ ಪಟ್ಟಣದಲ್ಲಿ ಜಗದ್ವಿಖ್ಯಾತ ಚಿತ್ರಕಾರ ಪಾಬ್ಲೊ ಪಿಕಾಸೊ ಅವರ ಮನೆಗೆ ಹೋದರು. ನಾಯಿಯು ಆ ಮನೆಯನ್ನೇ ತನ್ನದನ್ನಾಗಿ ಮಾಡಿಕೊಂಡು ಅಲ್ಲಿಯೇ ಉಳಿಯಿತು. ಪಿಕಾಸೊ ಅದನ್ನು ಮುದ್ದಿಸಿದರು, ತಟ್ಟೆಯ ಮೇಲೆ ಅದರ ಚಿತ್ರವನ್ನು ಬರೆದರು. ಅದೇ ವರ್ಷ ಅವರು ಹಳೆಯ ಸ್ಪೇನಿನ ಒಂದು ಪ್ರಸಿದ್ಧ ಚಿತ್ರವನ್ನು ತಮ್ಮ ರೀತಿಯಲ್ಲಿ ಮತ್ತೆ ಮತ್ತೆ ಬರೆದಾಗ, ಮೂಲದಲ್ಲಿದ್ದ ದೊಡ್ಡ ನಾಯಿಯ ಸ್ಥಾನದಲ್ಲಿ ಈ ಗಿಡ್ಡ ನಾಯಿ ಬಂದು ಕುಳಿತಿತು. ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿ ಆ ಚಿತ್ರಗಳನ್ನು ಇಂದಿಗೂ ಕಾಣಬಹುದು.

ಕೆಲವು ವರ್ಷಗಳ ನಂತರ ಡಂಕನ್ ಮತ್ತೆ ಆ ಮನೆಗೆ ಬಂದಾಗ ಲುಂಪ್ ಅಲ್ಲಿರಲಿಲ್ಲ. ಅದಕ್ಕೆ ಬೆನ್ನಿನ ಬೇನೆ ಬಂದು ಕಾಲುಗಳು ಬಿದ್ದುಹೋಗಿದ್ದವು. ವಾಸಿಯಾಗದೆಂಬ ತೀರ್ಮಾನದಿಂದ ಅದನ್ನು ಪಶುವೈದ್ಯರ ಬಳಿ ಬಿಡಲಾಗಿತ್ತು. ಡಂಕನ್ ಅದನ್ನು ಅಲ್ಲಿಂದ ಎತ್ತಿಕೊಂಡು ಕಾರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣಕ್ಕೆ ಹೋಗಿ ಬೇರೊಬ್ಬ ವೈದ್ಯರಿಗೆ ತೋರಿಸಿದರು. ತಿಂಗಳುಗಟ್ಟಲೆ ಚಿಕಿತ್ಸೆಯ ನಂತರ ಲುಂಪ್ ಎದ್ದು ನಿಂತಿತು. ನಡಿಗೆ ಓಲಾಡುತ್ತಿತ್ತು, ಆದರೆ ನಡೆಯಿತು. ಮುಂದೆ 1973ರವರೆಗೆ ಅದು ಡಂಕನ್ ಅವರೊಡನೆ ಬದುಕಿ, ಪಿಕಾಸೊ ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು ಸತ್ತಿತು.

ಇಲ್ಲಿ ಯಾರನ್ನೂ ದೂಷಿಸುವ ಅಗತ್ಯವಿಲ್ಲ. ಕಲಾವಿದನು ನಾಯಿಯನ್ನು ಪ್ರೀತಿಸಿದ್ದು ಸುಳ್ಳಲ್ಲ. ಆದರೆ ಒಬ್ಬನ ಪ್ರೀತಿಯಿಂದ ಚಿತ್ರ ಉಳಿಯಿತು, ಇನ್ನೊಬ್ಬನ ಪ್ರೀತಿಯಿಂದ ನಾಯಿ ಉಳಿಯಿತು. ಸುಖಕೊಡುವ ಕಾಲದಲ್ಲಿ ಪ್ರೀತಿಯ ಬೆಲೆ ತಿಳಿಯುವುದಿಲ್ಲ. ಪ್ರಾಣಿಯು ಏನನ್ನೂ ಕೊಡಲಾರದ ಸ್ಥಿತಿಗೆ ಬಂದಾಗ ಯಾರು ಕಾರು ಹತ್ತುತ್ತಾರೆಂಬುದೇ ಪರೀಕ್ಷೆ.

ಈಗ ಶಾಸ್ತ್ರದ ಆಕ್ಷೇಪಕ್ಕೆ ಬರಬೇಕು. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡದಲ್ಲಿ ಸೇರಿಸಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ, ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಒಂದಾದ ಅಸತೀಪೋಷಣವನ್ನು ವಿವರಿಸುವಾಗ, ಹಣಕ್ಕಾಗಿ ಸಾಕಬಾರದ ಪ್ರಾಣಿಗಳಲ್ಲಿ ನಾಯಿಯನ್ನೂ ಹೆಸರಿಸಿದ್ದಾರೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಇಲ್ಲಿ ಎಚ್ಚರಿಕೆಯ ಮಾತನ್ನೇ ಹೇಳಿವೆ. ಹಾಗಾದರೆ ನಾಯಿಯನ್ನು ಮನೆಗೆ ತರುವುದೇ ದೋಷವೆಂದು ತೀರ್ಮಾನಿಸಬೇಕೆ?

ಎಚ್ಚರಿಕೆಯ ಒಳಗಿನ ಕಾರಣವನ್ನು ನೋಡಬೇಕು. ಹಣಕ್ಕಾಗಿ ಸಾಕುವುದು ಒಂದು. ಹಿಂಸೆಗೆ ಆಯುಧವಾಗಿ ಇಟ್ಟುಕೊಳ್ಳುವುದು ಇನ್ನೊಂದು. ಈ ಎರಡನೆಯದು ವ್ಯಾಪಾರಿಗಳಿಗೆ ಬಹು ಹತ್ತಿರದ ಮಾತು. ಜೋಳ, ತೊಗರಿ ತುಂಬಿದ ಗೋದಾಮಿನಲ್ಲಿ ಇಲಿ ಹೆಗ್ಗಣಗಳ ಕಾಟ ಯಾರಿಗೆ ತಿಳಿಯದು? ಬಿಲಕ್ಕೆ ನುಗ್ಗುವುದು ಡ್ಯಾಷ್‌ಹುಂಡಿನ ಹುಟ್ಟುಗುಣ. ಅದನ್ನು ರಾತ್ರಿ ಗೋದಾಮಿನಲ್ಲಿ ಬಿಟ್ಟು, ಬೆಳಿಗ್ಗೆ ಸತ್ತ ಇಲಿಗಳನ್ನು ಕಂಡು ಒಳಗೊಳಗೇ ಸಂತೋಷಪಡುವವನು ‘ನಾಯಿ ಕೊಂದಿತು, ನಾನಲ್ಲ’ ಎಂದರೆ ಅದು ಲೆಕ್ಕದ ಪುಸ್ತಕದಲ್ಲಿ ಬೇರೆಯವರ ಹೆಸರಿನಲ್ಲಿ ಖರ್ಚು ಬರೆದಂತೆ. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರೂ ಒಂದೇ ಖಾತೆಗೆ ಬರುತ್ತವೆ. ಆದುದರಿಂದ ಶಾಸ್ತ್ರದ ಎಚ್ಚರಿಕೆ ಸಾರ್ಥಕವಾದುದೇ ಸರಿ. ಲಾಭಕ್ಕಾಗಿಯೂ ಬೇಡ, ಹಿಂಸೆಗಾಗಿಯೂ ಬೇಡ. ಆದರೆ ಬಿದ್ದ ಜೀವಕ್ಕೆ ಆಸರೆ ಕೊಡಬಾರದೆಂದು ಯಾವ ಆಚಾರ್ಯರೂ ಹೇಳಿಲ್ಲ.

ಹೇಳಿರುವುದು ಅದಕ್ಕೆ ವಿರುದ್ಧವಾದುದನ್ನೇ. ಜೀವಂಧರಸ್ವಾಮಿಯ ಕಥೆಯು ಜೈನರ ಎಲ್ಲ ಭಾಷೆಗಳಲ್ಲಿಯೂ ಪರಿಚಿತವಾದುದು; ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಅದನ್ನು ಷಟ್ಪದಿಯಲ್ಲಿ ಬರೆದನು. ಯಜ್ಞದ ಅನ್ನವನ್ನು ಮುಟ್ಟಿತೆಂದು ಜನರಿಂದ ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಬಳಿ ರಾಜಕುಮಾರನು ಕುಳಿತು, ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದನು. ನಾಯಿಯು ಯಕ್ಷನಾಗಿ ಹುಟ್ಟಿ ಜೀವನಪರ್ಯಂತ ಅವನ ಉಪಕಾರವನ್ನು ಮರೆಯಲಿಲ್ಲ. ಈ ಕಥೆಯಲ್ಲಿ ಗಮನಿಸಬೇಕಾದುದು ಯಕ್ಷಪದವಿಯನ್ನಷ್ಟೇ ಅಲ್ಲ. ಸಾಯುವ ನಾಯಿಯ ಪಕ್ಕದಲ್ಲಿ, ಧೂಳಿನಲ್ಲಿ, ರಾಜಕುಮಾರನು ಕುಳಿತನು. ಇದು ಯಾವ ತಳಿ, ಇದರಿಂದ ಏನು ಉಪಯೋಗ, ಮುಟ್ಟಿದರೆ ಮೈಲಿಗೆಯೇ ಎಂದು ಅವನು ಕೇಳಲಿಲ್ಲ.

ಕನ್ನಡ ನಾಡಿನಲ್ಲಿಯೇ ಇನ್ನೊಂದು ನಾಯಿಯ ನೆನಪು ಕಲ್ಲಿನಲ್ಲಿ ಉಳಿದಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ತಕ್ಕೋಲದ ಯುದ್ಧವಾದ ನಂತರ, ಗಂಗ ದೊರೆ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಆತನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬಳಿಕ ಅದನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಮಣಲೇರನ ಪ್ರೀತಿಯನ್ನು ಯಾರು ಸಂದೇಹಿಸಬಲ್ಲರು? ಚಿನ್ನವನ್ನು ಬಿಟ್ಟು ನಾಯಿಯನ್ನು ಕೇಳಿದವನವನು. ಆದರೂ ಪ್ರೀತಿಸಿದ ಕೈಯೇ ಅದನ್ನು ಸಾವಿನ ಬಾಯಿಗೆ ಬಿಟ್ಟಿತು. ಕಲ್ಲು ಎಷ್ಟೇ ಸುಂದರವಾಗಿದ್ದರೂ ಅದು ತಡವಾಗಿ ಸಂದ ಋಣ.

ಋಣ ಎಂಬ ಮಾತು ಇಲ್ಲಿ ಮುಖ್ಯವಾದುದು. ದಾನ ಕೊಡುವವನು ಕೊಡದಿದ್ದರೂ ಯಾರೂ ಕೇಳುವಂತಿಲ್ಲ, ಕೊಟ್ಟರೆ ಪುಣ್ಯ. ಸಾಲ ಮಾಡಿದವನು ಕೊಟ್ಟರೆ ಪುಣ್ಯವಿಲ್ಲ. ಕೊಡದಿದ್ದರೆ ಮಾತ್ರ ಪಾಪ. ತೊರೆದುಬಿಟ್ಟ ಡ್ಯಾಷ್‌ಹುಂಡನ್ನು ಎತ್ತಿಕೊಂಡವನು ದಾನಿಯೋ, ಸಾಲ ತೀರಿಸುವವನೋ? ಕಾಡಿನ ತೋಳದ ವಂಶವನ್ನು ಸಾವಿರಾರು ವರ್ಷಗಳಿಂದ ಮನುಷ್ಯನು ತನ್ನ ಬಾಗಿಲಿಗೆ ಕಟ್ಟಿದನು. ತನ್ನ ಅನ್ನಕ್ಕೆ ಒಗ್ಗಿಸಿದನು, ತನ್ನ ಇಷ್ಟಕ್ಕೆ ತಕ್ಕಂತೆ ಕಾಲು ಕುಗ್ಗಿಸಿದನು, ಬೆನ್ನು ಹಿಗ್ಗಿಸಿದನು. ಮರಳಿ ಕಾಡಿಗೆ ಹೋಗಿ ಬದುಕಲಾರದ ಜೀವವನ್ನು ನಿರ್ಮಿಸಿದ ಮೇಲೆ ಅದರ ಭಾರವೂ ನಿರ್ಮಿಸಿದವನದೇ. ಆ ಭಾರವನ್ನು ಹೊರುವವನು ಮನುಷ್ಯಕುಲದ ಹಳೆಯ ಖಾತೆಯಲ್ಲಿ ಒಂದು ಸಣ್ಣ ಬಾಕಿಯನ್ನು ತೀರಿಸುತ್ತಿದ್ದಾನೆ. ಅವನು ಬೀಗಬೇಕಾಗಿಲ್ಲ, ಉಳಿದವರು ಅವನನ್ನು ನೋಡಿ ನಗಬೇಕಾಗಿಯೂ ಇಲ್ಲ.

ವರ್ತಕರು ಈ ಋಣವನ್ನು ಒಮ್ಮೆ ಚೆನ್ನಾಗಿ ಅರಿತಿದ್ದರು. 1832ರಲ್ಲಿ ಮುಂಬಯಿಯ ಆಂಗ್ಲ ಆಡಳಿತವು ಬೀದಿ ನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಮೊದಲಾಗಿ ನಗರದ ಜನ ಎದ್ದುನಿಂತು ದೊಡ್ಡ ಗಲಭೆಯೇ ನಡೆಯಿತು. 1834ರಲ್ಲಿ ಪಾರ್ಸಿ ವರ್ತಕ ಜಮ್ಷೇಟ್‌ಜೀ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಚಂದ್ ಅಮೀಚಂದ್ ಮೊದಲಾದವರು ಸೇರಿ ಮುಂಬಯಿ ಪಾಂಜರಪೋಳವನ್ನು ಸ್ಥಾಪಿಸಿದರು. ವ್ಯಾಪಾರದ ಸರಕಿನ ಮೇಲೆ ವರ್ತಕರು ತಾವೇ ಲಾಗಾ ಹಾಕಿಕೊಂಡು ಅದರ ಖರ್ಚನ್ನು ನಡೆಸಿದರು. ಗಲಭೆಯಿಂದ ನಾಯಿಗೆ ಅನ್ನ ಸಿಗಲಿಲ್ಲ, ಲಾಗಾದಿಂದ ಸಿಕ್ಕಿತು. ಎರಡು ಧರ್ಮದ, ಎರಡು ಆಚಾರದ ಜನರು ಒಂದು ಜೀವದ ಕಾರಣಕ್ಕೆ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆದ ಈ ನಿದರ್ಶನ ಇಂದಿಗೂ ಅನುಕರಣೀಯ.

ಇದಕ್ಕೆ ಪ್ರತಿಯಾಗಿ 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು, ತಮ್ಮ ಆವರಣದಲ್ಲಿ ಸೇರಿದ್ದ ಸುಮಾರು ಅರುವತ್ತು ಬೀದಿ ನಾಯಿಗಳನ್ನು ಹುಚ್ಚಿನ ಭಯದಿಂದ ಕೊಲ್ಲಿಸಿದರು. ಮಹಾತ್ಮಾ ಗಾಂಧಿಯವರು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದಾಗ ಅನೇಕ ಅಹಿಂಸಾವಾದಿಗಳು ಕೋಪಗೊಂಡು ಪತ್ರ ಬರೆದರು. ಕೊಲ್ಲುವುದನ್ನು ಶ್ರಾವಕನು ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಆದರೆ ಗಾಂಧಿಯವರ ಇನ್ನೊಂದು ಮಾತು ಚುಚ್ಚುವಂತಹುದು: ದಾರಿಯಲ್ಲಿ ಒಂದು ತುಂಡು ರೊಟ್ಟಿ ಎಸೆದು ಪುಣ್ಯವಂತರಾಗಿ ಮನೆಗೆ ಹೋಗುವುದು ದಯೆಯಲ್ಲ, ಜವಾಬ್ದಾರಿ ಹೊತ್ತು ಸಾಕುವುದೇ ದಯೆ ಎಂಬುದು ಅವರ ಅಭಿಪ್ರಾಯದ ಸಾರ. ಈ ಟೀಕೆಗೆ ಉತ್ತರವು ವಾದದಲ್ಲಿಲ್ಲ, ಸಾಕಣೆಯಲ್ಲಿದೆ.

ಅಂತಹ ಸಾಕಣೆಯನ್ನು ಬಾಳಿನ ಕಾಯಕವಾಗಿ ಮಾಡಿದವರು ದೂರದಲ್ಲಿಲ್ಲ. ಇಂಗ್ಲೆಂಡಿನಿಂದ ಬಂದ ಕ್ರಿಸ್ಟಲ್ ರಾಜರ್ಸ್ ಎಂಬ ಮಹಿಳೆಯು ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳ ಆಶ್ರಯಗಳನ್ನು ಕಟ್ಟಿ, ಮುಪ್ಪಿನ ಕಾಲದಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. ಮಾಲೀಕರು ತೊರೆದ ಜಾತಿ ನಾಯಿಗಳಿಗೆ ಹೊಸ ಮನೆ ಹುಡುಕುವ ಕೆಲಸವನ್ನೂ ಆ ಸಂಸ್ಥೆ ಮಾಡುತ್ತ ಬಂದಿದೆ. ಹೈದರಾಬಾದಿನಲ್ಲಿ ಅಮಲಾ ಅಕ್ಕಿನೇನಿ ಅವರು 1992ರಲ್ಲಿ ಬ್ಲೂ ಕ್ರಾಸ್ ಸ್ಥಾಪಿಸಿದರು. ಇಂತಹ ಆಶ್ರಯಗಳಿಗೆ ಬೀದಿ ನಾಯಿಗಳಷ್ಟೇ ಅಲ್ಲ, ಒಂದು ಕಾಲಕ್ಕೆ ಸಾವಿರಾರು ರೂಪಾಯಿಗೆ ಕೊಂಡ ನಾಯಿಗಳೂ ಬರುತ್ತವೆ. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿ ಕಾಣಿಸಿಕೊಂಡ ಮೇಲೆ ದೇಶದಲ್ಲೆಲ್ಲ ಆ ಮರಿಗಳಿಗೆ ಬೇಡಿಕೆ ಬಂದುದನ್ನೂ, ಮೋಜು ತೀರಿದ ನಂತರ ಎಷ್ಟೋ ಪಗ್‌ಗಳು ಅನಾಥವಾದುದನ್ನೂ ಜನ ಕಂಡಿದ್ದಾರೆ. ಕಾನೂನಿನ ಮಾತು ಕೇಳಿದರೆ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಸಾಕಿದ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದು ಅಪರಾಧವೇ ಆಗಿದೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕಾನೂನು ಕಟ್ಟಿದ ಬೆಲೆ ಇಷ್ಟಾದರೆ, ಧರ್ಮವು ಕಟ್ಟುವ ಬೆಲೆ ಬೇರೆ ಇರಲೇಬೇಕು.

ಆಹಾರದ ತೊಡಕು ಉಳಿದಿದೆ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆಯು ಮಾಂಸಾಹಾರಿ ಪಕ್ಷಿಗಳಿಗೂ ಔಷಧೋಪಚಾರ ಮಾಡುತ್ತದೆ. ಆದರೆ ಅಲ್ಲಿ ಮಾಂಸವನ್ನು ಕೊಡುವುದಿಲ್ಲವಾದ್ದರಿಂದ ಅವುಗಳನ್ನು ಇರಿಸಿಕೊಳ್ಳದೆ ಹೊರರೋಗಿಗಳಂತೆ ನೋಡಿ ಕಳುಹಿಸುತ್ತದೆ. ನಾಯಿಯ ವಿಷಯದಲ್ಲಿ ಅಷ್ಟು ಕಠಿಣ ಸಂದಿಗ್ಧವಿಲ್ಲ. ತೋಳಕ್ಕಿಂತ ನಾಯಿಗೆ ಹಿಟ್ಟಿನ ಪದಾರ್ಥವನ್ನು ಅರಗಿಸುವ ಶಕ್ತಿ ಬಹಳ ಹೆಚ್ಚೆಂದು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಮನುಷ್ಯನ ರೊಟ್ಟಿ ತಿಂದು ತಿಂದು ಅದರ ಒಡಲೇ ಬದಲಾಗಿದೆ. ಬೆಕ್ಕಿನಂತಲ್ಲದೆ ನಾಯಿಯು ಪಶುವೈದ್ಯರ ಸಲಹೆಯಂತೆ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಬರಿಯ ಅನ್ನ ಹಾಲು ಸಾಲದು. ಬೇಳೆ, ಕಾಳು, ಬೇಕಾದ ಜೀವಸತ್ತ್ವಗಳು ಬೇಕು. ಪ್ರಸಾದದ ಒಣದ್ರಾಕ್ಷಿಯನ್ನು ಪ್ರೀತಿಯಿಂದಲೂ ಕೊಡಬಾರದು. ಅದು ನಾಯಿಯ ಮೂತ್ರಪಿಂಡಕ್ಕೆ ವಿಷ. ಅರಿವಿಲ್ಲದ ದಯೆಯೂ ಹಿಂಸೆಯಾಗಬಲ್ಲದು.

ಈಗ ಸಿರ್ಗಾಪುರದಂತಹ ಊರಿನ ಒಂದು ವ್ಯಾಪಾರಿ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹೈದರಾಬಾದಿನಲ್ಲಿ ಕೆಲಸಕ್ಕಿದ್ದ ಮಗನು ಕೊಂಡು ಸಾಕಿದ ಡ್ಯಾಷ್‌ಹುಂಡನ್ನು, ವಿದೇಶಕ್ಕೆ ಹೋಗುವಾಗ ಊರಿನ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ. ತಾಂಡೂರು ಕಲ್ಲಿನ ನುಣುಪು ನೆಲ, ಎತ್ತರದ ಕಟ್ಟೆ, ಮೆಟ್ಟಿಲು. ಆರು ವರ್ಷದ ನಾಯಿ ಒಂದು ಮುಂಜಾನೆ ಹಿಂಗಾಲು ಎತ್ತಲಾರದೆ ಮಲಗಿದೆ. ಚಿಕಿತ್ಸೆಗೆ ಹೈದರಾಬಾದಿಗೆ ಹೋಗಬೇಕು, ಖರ್ಚು ಉಂಟು. ಒಬ್ಬರು ಗೋಶಾಲೆಗೆ ಬಿಡೋಣ ಎನ್ನುತ್ತಾರೆ. ಇನ್ನೊಬ್ಬರು ಹೆದ್ದಾರಿಯ ಧಾಬಾದ ಹತ್ತಿರ ಬಿಟ್ಟರೆ ಯಾರಾದರೂ ಅನ್ನ ಹಾಕುತ್ತಾರೆ ಎನ್ನುತ್ತಾರೆ. ಮತ್ತೊಬ್ಬರು ಸೂಜಿ ಹಾಕಿಸಿ ಮಲಗಿಸಿಬಿಡೋಣ ಎಂದು ಪಿಸುಗುಟ್ಟುತ್ತಾರೆ. ಕೊನೆಗೆ ಯಾರೋ ನಿಟ್ಟುಸಿರಿಟ್ಟು, “ಏನ್ ಮಾಡೂದು, ಅದರ ಕರ್ಮ” ಎನ್ನುತ್ತಾರೆ. ಆಗ ಮೂಲೆಯಲ್ಲಿ ಜಪಮಾಲೆ ಹಿಡಿದು ಕುಳಿತ ಅಜ್ಜಿಯು ಹೇಳಬಹುದಾದ ಮಾತು ಇದು: “ತರೂವಾಗ ಅದನ್ನ ಕೇಳಿ ತಂದಿದ್ರೇನಪ್ಪಾ? ತಂದಿದ್ದು ನಿಮ್ಮ ಹೌಸಿ, ಬಿಡೂದಕ್ಕ ಮಾತ್ರ ಅದರ ಕರ್ಮ ಏನು?”

ಕರ್ಮಸಿದ್ಧಾಂತವನ್ನು ಇದಕ್ಕಿಂತ ಶುದ್ಧವಾಗಿ ವಿವರಿಸುವುದು ಕಷ್ಟ. ನಾಯಿಯ ನೋವಿಗೆ ನಾಯಿಯ ಪೂರ್ವಕರ್ಮ ಕಾರಣವಿರಬಹುದು. ಆದರೆ ನೋಡುತ್ತ ನಿಂತವನ ಕೈ ಕಟ್ಟಿದ್ದರೆ ಅದು ಅವನ ಈಗಿನ ಕರ್ಮ. ಕರ್ಮವೆಂಬುದು ತನ್ನ ಲೆಕ್ಕವನ್ನು ನೋಡಿಕೊಳ್ಳಲು ಕೊಟ್ಟ ದೀಪ. ಇನ್ನೊಬ್ಬರ ಕಷ್ಟದ ಮುಂದೆ ಎಳೆಯುವ ಪರದೆಯಲ್ಲ.

ಆ ಕುಟುಂಬವು ಹಾಗೆ ಎಚ್ಚೆತ್ತ ಮೇಲೆ ಮಾಡಬೇಕಾದುದು ಬಹಳ ಸರಳ. ಹಿಂಗಾಲು ಬಿದ್ದ ನಾಯಿಯನ್ನು ಆ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು. ತಡವಾದಷ್ಟೂ ಬೆನ್ನುಹುರಿಗೆ ಅಪಾಯ ಹೆಚ್ಚು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಬೆನ್ನು ನೇರವಾಗಿರುವಂತೆ ಎತ್ತಬೇಕು. ವೈದ್ಯರು ಹೇಳಿದಷ್ಟು ವಾರ ಸಣ್ಣ ಜಾಗದಲ್ಲಿ ಅಲುಗಾಡದಂತೆ ಇರಿಸಬೇಕು. ನುಣುಪು ನೆಲಕ್ಕೆ ಗೋಣಿತಟ್ಟು ಹಾಸಬೇಕು, ಮೆಟ್ಟಿಲಿಗೆ ಹಲಗೆಯ ಇಳಿಜಾರು ಮಾಡಬೇಕು, ಕುತ್ತಿಗೆಗೆ ಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ಬಳಸಬೇಕು, ಮೈ ದಪ್ಪವಾಗದಂತೆ ನೋಡಿಕೊಳ್ಳಬೇಕು. ಮೂತ್ರ ತಾನಾಗಿ ಹೋಗದಿದ್ದರೆ ವೈದ್ಯರಿಂದ ಕಲಿತು ಕೈಯಿಂದ ಒತ್ತಿ ತೆಗೆಯಬೇಕು. ಇವೆಲ್ಲ ಮಾಡಿದರೂ ನಾಯಿ ನಡೆಯುತ್ತದೆಂಬ ಭರವಸೆಯಿಲ್ಲ. ನಡೆಯದ ನಾಯಿಯ ಹೊಲಸನ್ನು ದಿನಕ್ಕೆ ಮೂರು ಸಲ ಒರೆಸುವ ಕೈಯು ಅಭಿಷೇಕದ ಕಲಶವನ್ನು ಹಿಡಿಯಲು ಅಯೋಗ್ಯವೆಂದು ಯಾರೂ ಹೇಳಲಾರರು. ಸ್ನಾನ ಮಾಡಿದರೆ ಮೈ ಶುದ್ಧವಾಗುತ್ತದೆ. ನಿರ್ದಯೆಗೆ ಅಂತಹ ಸ್ನಾನವಿಲ್ಲ.

ಇಷ್ಟಾದ ಮೇಲೂ ಮೊದಲಿನ ಪ್ರಶ್ನೆ ಉಳಿಯುತ್ತದೆ: ಒಂದೇ ಜಾತಿಯ ಮೇಲಿನ ಜೀವಮಾನದ ಪ್ರೀತಿಯು ಮೋಹವಲ್ಲವೆ? ಹೌದು, ಅದು ಮೋಹದಿಂದಲೇ ಆರಂಭವಾಗುತ್ತದೆ. ಗೃಹಸ್ಥನ ಎಲ್ಲ ಒಳ್ಳೆಯ ಕೆಲಸಗಳೂ ಎಲ್ಲಿಯೋ ಮೋಹದಲ್ಲಿಯೇ ಹುಟ್ಟುತ್ತವೆ. ತಾಯಿಯ ಪ್ರೀತಿಯೂ ಅದಕ್ಕೆ ಹೊರತಲ್ಲ. ಮೋಹವು ಮೋಹವಾಗಿಯೇ ಉಳಿಯಿತೋ, ಕರಗಿ ದಯೆಯಾಯಿತೋ ಎಂಬುದನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು. ಮೋಹಿಯು ‘ಇಂತಹ ನಾಯಿ ನನಗೆ ಇನ್ನೊಂದು ಬೇಕು’ ಎನ್ನುತ್ತಾನೆ. ದಯಾಳುವು ‘ಇರುವ ಒಂದೊಂದೂ ಸುಖವಾಗಿರಲಿ, ಆದರೆ ನೋವನ್ನೇ ಹುಟ್ಟುಗುಣವಾಗಿ ಪಡೆದ ಇನ್ನೊಂದು ಮರಿ ನನ್ನ ಆಸೆಗಾಗಿ ಹುಟ್ಟುವುದು ಬೇಡ’ ಎನ್ನುತ್ತಾನೆ. ತಾನು ಅತಿಯಾಗಿ ಪ್ರೀತಿಸುವ ಆಕಾರವನ್ನೇ ಮುಂದೆ ಬೇಡವೆನ್ನುವುದು ಸುಲಭದ ತ್ಯಾಗವಲ್ಲ. ಬೆನ್ನು ಬಿದ್ದ ನಾಯಿಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದವನಿಗೆ ಮಾತ್ರ ಅದರ ಬೆಲೆ ತಿಳಿದಿರುತ್ತದೆ.

ತಾಂಡೂರಿನಿಂದ ಗಡಿ ದಾಟಿದರೆ ಸಿಗುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ಪ್ರಾಚೀನ ನೇಮಿನಾಥ ಬಸದಿಗೆ ಈ ಪ್ರಾಂತದ ಶ್ರಾವಕರು ಹೋಗಿಬರುವುದುಂಟು. ನೇಮಿನಾಥಸ್ವಾಮಿಯ ಚರಿತ್ರೆಯಲ್ಲಿ ಎಲ್ಲರೂ ನೆನೆಯುವುದು, ಮದುವೆಯ ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಆಕ್ರಂದನವನ್ನು ಕೇಳಿ ಅವುಗಳನ್ನು ಬಿಡಿಸಿದ ಪ್ರಸಂಗವನ್ನು. ಆದರೆ ಸ್ವಾಮಿಯು ಅಲ್ಲಿ ಎರಡು ಕೆಲಸಗಳನ್ನು ಮಾಡಿದನು. ಬಂಧನದಲ್ಲಿದ್ದವುಗಳನ್ನು ಬಿಡಿಸಿದ್ದು ಒಂದು. ಯಾವ ಸಂಭ್ರಮಕ್ಕಾಗಿ ಅವುಗಳನ್ನು ಬಂಧಿಸಲಾಗಿತ್ತೋ ಆ ಸಂಭ್ರಮದಿಂದಲೇ ರಥವನ್ನು ಹಿಂದಿರುಗಿಸಿದ್ದು ಇನ್ನೊಂದು. ಪ್ರಾಣಿಗಳನ್ನು ಬಿಡಿಸಿ ಮದುವೆಗೆ ಹೋಗಿದ್ದರೆ ಲೋಕವು ಅವನನ್ನು ದಯಾಳುವೆಂದು ಕೊಂಡಾಡುತ್ತಿತ್ತು; ಮರುದಿನ ಬೇರೊಂದು ಮದುವೆಗೆ ಬೇರೆ ಪ್ರಾಣಿಗಳು ಬರುತ್ತಿದ್ದವು.

ತೊರೆದ ಜೀವವನ್ನು ಎತ್ತಿಕೊಳ್ಳುವುದು ಮೊದಲನೆಯ ಕೆಲಸ. ತೊರೆಯಲ್ಪಡುವುದಕ್ಕೆಂದೇ ಹುಟ್ಟಿಸುವ ಅಂಗಡಿಯ ಮುಂದಿನಿಂದ ಹಿಂದಿರುಗುವುದು ಎರಡನೆಯದು. ಮುಂದಿನ ಹುಟ್ಟುಹಬ್ಬಕ್ಕೆ ಮೊಮ್ಮಗನು ಉದ್ದ ಬೆನ್ನಿನ ಮರಿಯೊಂದನ್ನು ಕೇಳಿದಾಗ, ಅವನನ್ನು ಅಂಗಡಿಗೆ ಕರೆದೊಯ್ಯುವ ಬದಲು ಆಶ್ರಯಕ್ಕೆ ಕರೆದೊಯ್ದು, ಯಾರಿಗೂ ಬೇಡವಾದ ಒಂದರ ಮುಂದೆ ನಿಲ್ಲಿಸಿದರೆ, ಅಂದು ಆ ಮನೆಯಲ್ಲಿ ಉಪದೇಶವಿಲ್ಲದೆಯೇ ಒಂದು ಸ್ವಾಧ್ಯಾಯ ನಡೆದಂತಾಗುತ್ತದೆ.

ಸರ್ವ ಜೀವಿಗಳಿಗೂ ಕ್ಷೇಮವಾಗಲಿ. ಜೈ ಜಿನೇಂದ್ರ.